ಗುರುವಾರ ಸಂಜೆಯ ಜಗಳ: ಯಾರು ಒಳಗೆ, ಯಾರು ಹೊರಗೆ?

ಈ ಸಲದ ಅಂಚೆಯಲ್ಲಿ ವೀಸಾ ಬಗ್ಗೆ ಒಂದು ಪತ್ರವೂ ಇಲ್ಲ. ಮನೆ ಸಾಲದ ಬಗ್ಗೆಯೂ ಇಲ್ಲ. ಎಲ್ಲ ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್! ಸೆಪ್ಟೆಂಬರ್ ಬಂತು ಅಂದರೆ ಮೆಲ್ಬರ್ನ್‌ನ ಕನ್ನಡ ಮನೆಗಳಲ್ಲೂ ಗಣಪತಿ ಹಬ್ಬದ ಕಡುಬಿನ ಪಕ್ಕದಲ್ಲೇ ಈ ಮಾತು ಶುರುವಾಗುತ್ತದೆ. ಅದೂ ಆಟದ ಬಗ್ಗೆ ಅಲ್ಲ, ಆಟಕ್ಕೆ ಮುಂಚೆ ಯಾರನ್ನು ಆಡಿಸಬೇಕು ಅನ್ನುವುದರ ಬಗ್ಗೆ. ಎಲ್ಲ ಪತ್ರಗಳಿಗೆ ಜಾಗ ಇಲ್ಲ. ಆಯ್ಕೆ ಮಾಡಿದ್ದೇನೆ. ಪತ್ರ ಬಾರದವರು ನನ್ನನ್ನೂ ಬೈಯಬಹುದು.

ಪ್ರಶ್ನೆ: ಮೈಸೂರಿನಿಂದ ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ಪ್ರತಿ ಗುರುವಾರ ಸಂಜೆ ಒಂದು ವಿಚಿತ್ರ. ಆರು ಗಂಟೆ ದಾಟುತ್ತಿದ್ದಂತೆ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ ಮೂವರೂ ಫೋನ್ ಹಿಡಿದು ಕೂರುತ್ತಾರೆ. ಆಮೇಲೆ ಜಗಳ. ಆಟ ಇರುವುದು ಶನಿವಾರ! ಆಟ ನೋಡುವಾಗಲೂ ಇಷ್ಟು ಕೂಗಾಡುವುದಿಲ್ಲ. ಏನು ಸಮಾಚಾರ?
– ಅಜ್ಜಿ, ಮೈಸೂರು (ಸದ್ಯಕ್ಕೆ ಟಾರ್ನೀಟ್)

ಉತ್ತರ: ಅಜ್ಜಿ, ಅವರು ನೋಡುತ್ತಿರುವುದು ಟೀಮ್ ಪಟ್ಟಿ. ವಾರದ ಕೊನೆಯ ಪಂದ್ಯಗಳಿಗೆ ಯಾರು ಆಡುತ್ತಾರೆ ಅಂತ ಕ್ಲಬ್‌ಗಳು ಸಾಮಾನ್ಯವಾಗಿ ಗುರುವಾರ ಸಂಜೆ ಹೇಳುತ್ತವೆ. ಮೈದಾನದಲ್ಲಿ ಒಂದು ಕಡೆಗೆ 18 ಜನ, ಬೆಂಚಿನವರನ್ನೂ ಸೇರಿಸಿದರೆ 23. ಕ್ಲಬ್‌ನಲ್ಲಿ ಆಟಗಾರರು ನಲವತ್ತರ ಆಸುಪಾಸು ಇರುತ್ತಾರೆ. ಅಂದರೆ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಪ್ರತಿ ವಾರ ಜಾಗ ಇಲ್ಲ.

ಪಟ್ಟಿ ಬರೆಯುವ ರೀತಿ ಚೆನ್ನಾಗಿದೆ, ನೋಡಿ. ಮೈದಾನವನ್ನೇ ಕಾಗದದ ಮೇಲೆ ಹಾಸಿದ ಹಾಗೆ. ಮೇಲೆ ಬ್ಯಾಕ್ ಮೂವರು, ಅವರ ಕೆಳಗೆ ಹಾಫ್ ಬ್ಯಾಕ್ ಮೂವರು, ನಡುವೆ ಸೆಂಟರ್ ಸಾಲು, ಆಮೇಲೆ ಹಾಫ್ ಫಾರ್ವರ್ಡ್, ಫಾರ್ವರ್ಡ್, ಕೊನೆಗೆ ಎಲ್ಲರಿಗಿಂತ ಎತ್ತರದ ರಕ್ ಮತ್ತು ಅವನ ಜೊತೆ ಓಡುವ ಇಬ್ಬರು. ಇಷ್ಟರವರೆಗೆ ಮನೆಯಲ್ಲಿ ಶಾಂತಿ ಇರುತ್ತದೆ. ಇದಾದ ಮೇಲೆ ಎರಡು ಚಿಕ್ಕ ಸಾಲು ಬರುತ್ತದೆ, ‘ಇನ್’ ಮತ್ತು ‘ಔಟ್’. ಹೋದ ವಾರ ಇಲ್ಲದೆ ಈ ವಾರ ಬಂದವರು, ಹೋದ ವಾರ ಇದ್ದು ಈ ವಾರ ಹೋದವರು. ನಿಮ್ಮ ಮಗನ ಕೂಗಾಟ ಇರುವುದು ಆ ಎರಡು ಸಾಲಿನಲ್ಲಿ.

ಬದಲಾವಣೆ ಇಲ್ಲದ ವಾರ ಕಡಿಮೆ. ಯಾರದೋ ತೊಡೆಯ ಸ್ನಾಯು ಹಿಡಿದಿರುತ್ತದೆ. ಯಾರಿಗೋ ಶಿಸ್ತಿನ ಕ್ರಮವಾಗಿ ಒಂದು ವಾರ ನಿಷೇಧ. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದರೆ ಕನಿಷ್ಠ 12 ದಿನ ಆಡುವಂತಿಲ್ಲ. ಈ ನಿಯಮ 2021ರಲ್ಲಿ ಬಂತು. ಹಾಗಾದರೆ ಮುಂದಿನ ವಾರದ ಪಂದ್ಯ ಸಾಮಾನ್ಯವಾಗಿ ಹೋಯಿತು ಅಂತಲೇ ಲೆಕ್ಕ. ಇವೆಲ್ಲ ಕಳೆದು ಉಳಿದವರಲ್ಲಿ ಯಾರು ಅನ್ನುವುದೇ ಜಗಳ.

ಅಂದ ಹಾಗೆ ಈ ಆಟಕ್ಕೂ ನಮ್ಮ ಕ್ರಿಕೆಟ್‌ಗೂ ನೆಂಟಸ್ತಿಕೆ ಇದೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡು ಹಿಡಿಯಬಾರದು, ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಅಂತ ಟಾಮ್ ವಿಲ್ಸ್ ಅನ್ನುವ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಕಾಗದ ಬರೆದ. ಮರುವರ್ಷ ನಿಯಮಗಳನ್ನೂ ಬರೆದರು. ಇವತ್ತಿಗೂ ಗ್ರ್ಯಾಂಡ್ ಫೈನಲ್, ಅಂದರೆ ಕಪ್ ಯಾರಿಗೆ ಅಂತ ತೀರ್ಮಾನವಾಗುವ ಕೊನೆಯ ಪಂದ್ಯ, ನಡೆಯುವುದು ಎಂಸಿಜಿಯಲ್ಲಿ, ಡಿಸೆಂಬರ್‌ನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಆಡುವ ಅದೇ ಮೈದಾನದಲ್ಲಿ.

ಮುಂದಿನ ಗುರುವಾರ ನೀವೇ ಫೋನ್ ಕಸಿದುಕೊಂಡು ‘ಔಟ್’ ಸಾಲನ್ನು ಮೊದಲು ಜೋರಾಗಿ ಓದಿಬಿಡಿ. ಮೊಮ್ಮಗ ನಿಮ್ಮ ಪಕ್ಷಕ್ಕೆ ಬರುತ್ತಾನೆ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎರಡು ಪಂಗಡ ಆಗಿದೆ. ಗ್ರ್ಯಾಂಡ್ ಫೈನಲ್ ಅಂದಮೇಲೆ ಸ್ಟಾರ್ ಆಟಗಾರ ಮುಕ್ಕಾಲು ಫಿಟ್ ಇದ್ದರೂ ಆಡಿಸಲೇಬೇಕು ಅನ್ನುವವರು ಒಂದು ಕಡೆ. ಪೂರ್ತಿ ಫಿಟ್ ಇರುವ ಸಾಧಾರಣ ಆಟಗಾರನೇ ವಾಸಿ ಅನ್ನುವವರು ಇನ್ನೊಂದು ಕಡೆ. ನಾನು ಮೊದಲನೆಯ ಪಂಗಡ. ನೀವು?
– ಸ್ಟಾರ್ ಪಕ್ಷ, ಪಾಯಿಂಟ್ ಕುಕ್

ಉತ್ತರ: ನಾನು ಎರಡನೆಯ ಪಂಗಡ. ಹುಟ್ಟಿನಿಂದ ಅಲ್ಲ, 2022ರಿಂದ.

ಆ ವರ್ಷದ ಗ್ರ್ಯಾಂಡ್ ಫೈನಲ್ ಜೀಲಾಂಗ್‌ಗೂ ಸಿಡ್ನಿಗೂ. ಎರಡೂ ಕಡೆ ಒಬ್ಬೊಬ್ಬ ಅನುಮಾನದ ಆಟಗಾರ. ಜೀಲಾಂಗ್‌ನಲ್ಲಿ ಮ್ಯಾಕ್ಸ್ ಹೋಮ್ಸ್. ಚಿಕ್ಕ ಹುಡುಗ, ಜಿಂಕೆ ಹಾಗೆ ಓಡುತ್ತಾನೆ, ಹಿಂದಿನ ಪಂದ್ಯದಲ್ಲಿ ಹ್ಯಾಮ್‌ಸ್ಟ್ರಿಂಗ್ ಹಿಡಿದಿತ್ತು. ಸಿಡ್ನಿಯಲ್ಲಿ ಸ್ಯಾಮ್ ರೀಡ್, ಅವನಿಗೆ ತೊಡೆಸಂದಿಯ ನೋವು. ಇಬ್ಬರೂ ಆಡುತ್ತಾರಾ ಇಲ್ಲವಾ ಅಂತ ವಾರ ಪೂರ್ತಿ ಇದೇ ಮಾತು. ಕೊನೆಗೆ ಜೀಲಾಂಗ್ ಹೋಮ್ಸ್‌ನನ್ನು ಬಿಟ್ಟು ಮಾರ್ಕ್ ಓಕಾನರ್‌ನನ್ನು ತಂದಿತು. ಸಿಡ್ನಿ ರೀಡ್‌ನನ್ನು ಇಳಿಸಿತು. ಮೂರನೇ ಕ್ವಾರ್ಟರ್‌ನಲ್ಲಿ ರೀಡ್ ಹೊರಗೆ ಬಂದ, ಬದಲಿ ಆಟಗಾರ (ಒಬ್ಬ ಪೂರ್ತಿಯಾಗಿ ಹೊರಬಿದ್ದರೆ ಮಾತ್ರ ಬರುವವನು) ಒಳಗೆ ಹೋದ. ಜೀಲಾಂಗ್ 133, ಸಿಡ್ನಿ 52. ರೀಡ್ ಗಟ್ಟಿಯಾಗಿದ್ದರೂ 81 ಪಾಯಿಂಟ್ ತುಂಬುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಎರಡು ಕ್ಲಬ್, ಒಂದೇ ಪ್ರಶ್ನೆ, ಎರಡು ಉತ್ತರ. ಅಷ್ಟು ಪಕ್ಕಪಕ್ಕದಲ್ಲಿ ನೋಡುವ ಅವಕಾಶ ಮತ್ತೆ ಸಿಗುವುದಿಲ್ಲ.

ಸಿಗುವುದಿಲ್ಲ ಅಂದುಕೊಂಡಿದ್ದೆ. 2024ರಲ್ಲಿ ಮತ್ತೆ ಸಿಡ್ನಿ ಗ್ರ್ಯಾಂಡ್ ಫೈನಲ್‌ಗೆ ಬಂತು, ಈ ಸಲ ಬ್ರಿಸ್ಬೇನ್ ವಿರುದ್ಧ. ಕ್ಯಾಪ್ಟನ್ ಕ್ಯಾಲಮ್ ಮಿಲ್ಸ್‌ಗೆ ಹ್ಯಾಮ್‌ಸ್ಟ್ರಿಂಗ್, ಅವನನ್ನು ಬಿಟ್ಟರು. ಲೋಗನ್ ಮೆಕ್‌ಡೊನಾಲ್ಡ್‌ಗೆ ಹಿಮ್ಮಡಿ ಗಂಟಿನ ನೋವು, ಅವನನ್ನು ಆಡಿಸಿದರು. ಅವನೂ ನಡುವೆಯೇ ಹೊರಗೆ. ಬ್ರಿಸ್ಬೇನ್ 60 ಪಾಯಿಂಟ್‌ಗಳಿಂದ ಗೆದ್ದಿತು.

ನೋಯುವ ಕಾಲಿನ ಆಟಗಾರ ಹೊರಗೆ ಹೋದರೆ ಬರೀ ಒಬ್ಬ ಕಡಿಮೆಯಾದ ಅಷ್ಟೇ ಅಲ್ಲ. ಇಲ್ಲಿ ಒಬ್ಬ ಮಿಡ್‌ಫೀಲ್ಡರ್ ಪಂದ್ಯಕ್ಕೆ 12, 13 ಕಿಲೋಮೀಟರ್ ಓಡುತ್ತಾನೆ. ಬೆಂಚಿಗೆ ಹೋಗಿ ಉಸಿರು ತೆಗೆದುಕೊಂಡು ಮತ್ತೆ ಬರುತ್ತಾನೆ. ಇದಕ್ಕೂ ಲೆಕ್ಕ ಇದೆ, ಒಂದು ಪಂದ್ಯಕ್ಕೆ ಇಷ್ಟೇ ಬದಲಾವಣೆ ಅಂತ. 2014ರಲ್ಲಿ 120 ಇತ್ತು, 2016ರಲ್ಲಿ 90 ಮಾಡಿದರು, 2021ರಲ್ಲಿ 75ಕ್ಕೆ ಇಳಿಸಿದರು. ಕುಂಟುವವನೊಬ್ಬ ಇದ್ದರೆ ಅವನ ಓಟವನ್ನು ಉಳಿದವರು ಓಡಬೇಕು, ಅವನ ಜಾಗದ ಎದುರಾಳಿ ಆರಾಮಾಗಿ ತಿರುಗಾಡುತ್ತಾನೆ. ಮುಕ್ಕಾಲು ಫಿಟ್ ಅಂತ ನೀವು ಹೇಳಿದಿರಿ, ಆ ಕಾಲು ಭಾಗ ಮೊದಲ ಕ್ವಾರ್ಟರ್‌ನಲ್ಲೇ ಖರ್ಚಾದರೆ?

ಈಗ ನೀವು 2025 ಅನ್ನುತ್ತೀರಿ, ಗೊತ್ತು. ಬ್ರಿಸ್ಬೇನ್‌ನ ಲಾಕಿ ನೀಲ್, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ ಎರಡು ಸಲ ಗೆದ್ದವನು, ಮೀನಖಂಡದ ಗಾಯ. ಸೀಸನ್ ಮುಗಿಯಿತು ಅಂದುಕೊಂಡಿದ್ದರು. ಗ್ರ್ಯಾಂಡ್ ಫೈನಲ್‌ಗೆ ಬಂದ, ದ್ವಿತೀಯಾರ್ಧದಲ್ಲಿ ಆಡಿದ, ಗೋಲೂ ಹೊಡೆದ, ಟೀಮ್ 47 ಪಾಯಿಂಟ್‌ಗಳಿಂದ ಗೆದ್ದಿತು. ಸರಿ. ಆದರೆ ಅವನನ್ನು ಮೊದಲ ನಿಮಿಷದಿಂದ ಆಡಿಸಲಿಲ್ಲ ಅಲ್ವಾ? ಬದಲಿ ಆಟಗಾರನಾಗಿ ಕೂರಿಸಿ, ಅವನ ಕಾಲಿನಲ್ಲಿ ಎಷ್ಟು ಓಟ ಇದೆಯೋ ಅಷ್ಟನ್ನು ಬೇಕಾದ ಹೊತ್ತಿಗೆ ಇಟ್ಟುಕೊಂಡರು. ಇದು ನಿಮ್ಮ ಪಂಗಡವೂ ಅಲ್ಲ ನನ್ನ ಪಂಗಡವೂ ಅಲ್ಲ, ಜಾಣರ ಪಂಗಡ. 2026ರಿಂದ ಆ ಬದಲಿ ಆಟಗಾರನ ಪದ್ಧತಿಯನ್ನೇ ತೆಗೆದು ಬೆಂಚಿಗೆ ಐದು ಜನ ಅಂತ ಮಾಡಿದ್ದಾರೆ. ಹಾಗಾಗಿ ಆ ಉಪಾಯ ಈಗ ಅದೇ ರೂಪದಲ್ಲಿ ಇಲ್ಲ. ನಮ್ಮ ಜಗಳ ಮುಂದುವರಿಯಬಹುದು.

ಹೋಮ್ಸ್ ಕಥೆ ಬಾಕಿ ಉಳಿಯಿತು. 2022ರಲ್ಲಿ ಅವನ ಟೀಮ್ ಗೆದ್ದಾಗ ಅವನು ಆಡಲಿಲ್ಲ. 2025ರ ಗ್ರ್ಯಾಂಡ್ ಫೈನಲ್‌ನಲ್ಲಿ ಆಡಿದ, ಬ್ರಿಸ್ಬೇನ್ ಕೈಯಲ್ಲಿ ಸೋತದ್ದು ಅವನ ಟೀಮೇ. ಆಯ್ಕೆ ಸರಿ ಇತ್ತು ಅಂತ ಹೇಳುವುದು ನನಗೆ ಸುಲಭ, ನಾನು ಸೋಫಾ ಮೇಲೆ ಕೂತಿದ್ದೆ.

ಪ್ರಶ್ನೆ: ಪಟ್ಟಿಯಲ್ಲಿ ಒಬ್ಬನ ಹೆಸರಿನ ಮುಂದೆ ‘ಒಮಿಟೆಡ್’, ಇನ್ನೊಬ್ಬನ ಮುಂದೆ ‘ಮ್ಯಾನೇಜ್ಡ್’ ಅಂತ ಇರುತ್ತದೆ. ಇಬ್ಬರೂ ಆಡುವುದಿಲ್ಲ. ಏನು ವ್ಯತ್ಯಾಸ?
– ಹೊಸಬ, ಡ್ಯಾಂಡಿನಾಂಗ್

ಉತ್ತರ: ‘ಒಮಿಟೆಡ್’ ಅಂದರೆ ಕಿತ್ತುಹಾಕಿದರು. ‘ಮ್ಯಾನೇಜ್ಡ್’ ಅಂದರೆ ಮೈ ದಣಿದಿದೆ, ಒಂದು ವಾರ ಕೂತುಕೋ. ವಯಸ್ಸಾದವರಿಗೂ ತೀರಾ ಚಿಕ್ಕವರಿಗೂ ಈ ಎರಡನೆಯ ಪದ ಜಾಸ್ತಿ ಬರುತ್ತದೆ. ಕೆಲವು ಸಲ ಕಿತ್ತುಹಾಕಿದ್ದಕ್ಕೇ ಈ ಮರ್ಯಾದೆಯ ಹೆಸರು ಇಟ್ಟಿದ್ದಾರೇನೋ ಅಂತ ಅನುಮಾನ ಬರುತ್ತದೆ. ನಮ್ಮ ಕಡೆ ‘ಸ್ವಂತ ಕಾರಣದಿಂದ ರಾಜೀನಾಮೆ’ ಅಂತಾರಲ್ಲ, ಆ ಜಾತಿ.

ಪ್ರಶ್ನೆ: ನನ್ನ ಕೋಪ ಒಂದೇ. ನಮ್ಮ ಟೀಮ್‌ನಲ್ಲಿ ಒಬ್ಬ ಎತ್ತರದ ಫಾರ್ವರ್ಡ್ ಇದ್ದಾನೆ, ಪಂದ್ಯ ಪೂರ್ತಿ ಐದು ಸಲ ಚೆಂಡು ಮುಟ್ಟುತ್ತಾನೆ. ಮರುವಾರ ಮತ್ತೆ ಅವನೇ ಇರುತ್ತಾನೆ. ಕೆಳಗಿನ ಟೀಮ್‌ನಲ್ಲಿ ಒಬ್ಬ ಚುರುಕಿನ ಚಿಕ್ಕ ಹುಡುಗ ವಾರ ವಾರ ಮೂವತ್ತು ಸಲ ಚೆಂಡು ಹಿಡಿಯುತ್ತಾನೆ, ಅವನಿಗೆ ಜಾಗ ಇಲ್ಲ. ಇದು ಯಾವ ನ್ಯಾಯ?
– ಲೆಕ್ಕ ಗೊತ್ತಿರುವವನು, ಜೀಲಾಂಗ್

ಉತ್ತರ: ನಿಮ್ಮ ಲೆಕ್ಕ ಸರಿ ಇದೆ, ಎಣಿಸಿದ ವಸ್ತು ತಪ್ಪು.

2023ರ ಗ್ರ್ಯಾಂಡ್ ಫೈನಲ್ ನೆನಪಿದೆಯಾ? ಕಾಲಿಂಗ್‌ವುಡ್ ಮತ್ತು ಬ್ರಿಸ್ಬೇನ್. ಕಾಲಿಂಗ್‌ವುಡ್‌ನ ಡ್ಯಾನ್ ಮೆಕ್‌ಸ್ಟೇಗೆ ಮಂಡಿಗೆ ಪೆಟ್ಟಾಗಿ ಒಂದು ಎತ್ತರದ ಜಾಗ ಖಾಲಿಯಾಯಿತು. ತಂದದ್ದು ಬಿಲ್ಲಿ ಫ್ರಾಂಪ್ಟನ್‌ನನ್ನು. ಅಭಿಮಾನಿಗಳಲ್ಲಿ ಗೊಣಗಾಟ. ಪಂದ್ಯದಲ್ಲಿ ಅವನು ಚೆಂಡು ಮುಟ್ಟಿದ್ದು ಬೆರಳೆಣಿಕೆಯಷ್ಟು. ನಿಮ್ಮ ಲೆಕ್ಕದಲ್ಲಿ ದಂಡ. ಆದರೆ ಅವನಿಗೆ ಕೊಟ್ಟ ಕೆಲಸ ಚೆಂಡು ಹಿಡಿಯುವುದು ಆಗಿರಲಿಲ್ಲ. ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರೂಸ್ ಇದ್ದಾನಲ್ಲ, ಗಾಳಿಯಲ್ಲಿ ಬರುವ ಪ್ರತಿ ಚೆಂಡನ್ನೂ ತೋಟದ ಮಾವಿನಕಾಯಿ ಕಿತ್ತ ಹಾಗೆ ಕೀಳುವವನು, ಅವನಿಗೆ ಅಂಟಿಕೊಂಡು ನಿಂತು ಕೀಳಲು ಬಿಡದಿರುವುದು ಇವನ ಕೆಲಸ. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86. ನಾಲ್ಕು ಪಾಯಿಂಟ್! ಅಷ್ಟು ಕಿರಿದಾದ ಪಂದ್ಯದಲ್ಲಿ ಆಂಡ್ರೂಸ್ ಇನ್ನೂ ಎರಡು ಚೆಂಡು ಕಿತ್ತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಗೋಲಿಗೆ 6, ಪಕ್ಕದ ಕಂಬಗಳ ನಡುವೆ ಹೋದರೆ 1, ಅಷ್ಟೇ ಅಲ್ವಾ?

ನಿಮ್ಮ ಎತ್ತರದವನು ಫ್ರಾಂಪ್ಟನ್ ಜಾತಿಯವನೋ ಅಥವಾ ನಿಜವಾಗಿಯೂ ದಂಡವೋ, ಅದನ್ನು ಅಂಕಿ ನೋಡಿ ಹೇಳಲಾಗುವುದಿಲ್ಲ. ಮೈದಾನಕ್ಕೆ ಹೋಗಿ. ಚೆಂಡನ್ನು ನೋಡಬೇಡಿ, ಅವನನ್ನೇ ನೋಡಿ. ಚೆಂಡು ಗಾಳಿಯಲ್ಲಿದ್ದಾಗ ಅವನ ಜೊತೆ ಎಷ್ಟು ಎದುರಾಳಿಗಳು ನೆಗೆಯುತ್ತಾರೆ, ಕೆಳಗೆ ಬಿದ್ದ ಚೆಂಡು ಯಾರ ಕಾಲ ಹತ್ತಿರ ಬೀಳುತ್ತದೆ. ಅವನು ಹಿಡಿಯದಿದ್ದರೂ ಎದುರಾಳಿಯೂ ಹಿಡಿಯದೆ ಚೆಂಡು ನೆಲಕ್ಕೆ ಬಂದರೆ ಚಿಕ್ಕವರಿಗೆ ಹಬ್ಬ. ಟಿವಿಯಲ್ಲಿ ಇದು ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ.

ಇನ್ನೊಂದು. 2019ರಿಂದ ಸೆಂಟರ್‌ನಲ್ಲಿ ಆಟ ಶುರುವಾಗುವಾಗ 6-6-6 ನಿಯಮ ಇದೆ. ಎರಡೂ ಟೀಮ್ ಹಿಂದೆ ಆರು, ನಡುವೆ ಆರು, ಮುಂದೆ ಆರು ಜನರನ್ನು ನಿಲ್ಲಿಸಲೇಬೇಕು. ಮೊದಲಿನ ಹಾಗೆ ಮುಂದಿನವನನ್ನು ಒಬ್ಬಂಟಿ ಮಾಡಿ ಅವನ ಮುಂದೆ ಹೆಚ್ಚುವರಿ ಕಾವಲು ಹಾಕುವುದು ಆ ಹೊತ್ತಿಗೆ ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಗಟ್ಟಿ ಎತ್ತರದವನು ಇದ್ದರೆ ಬೆಲೆ ಜಾಸ್ತಿ.

ಮಳೆ ಬಂದರೆ ಮಾತು ಬೇರೆ, ಆಗ ನಿಮ್ಮ ಪಕ್ಷಕ್ಕೆ ಬರುತ್ತೇನೆ. ಒದ್ದೆ ಚೆಂಡನ್ನು ಮೇಲೆ ನೆಗೆದು ಹಿಡಿಯುವುದು ಕಷ್ಟ, ನೆಲದ ಮೇಲೆ ಜಗಳ ಜಾಸ್ತಿ. ಎರಡನೇ ಎತ್ತರದವನನ್ನೋ ಎರಡನೇ ರಕ್‌ನನ್ನೋ ಬಿಟ್ಟು ಓಡುವ ಹುಡುಗನನ್ನು ತರಬೇಕು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಮೈದಾನದಲ್ಲಾದರೆ ಮೇಲೆ ಮುಚ್ಚುವ ಚಾವಣಿ ಇದೆ, ಆ ಚಿಂತೆ ಇಲ್ಲ. ನಿಮ್ಮ ಊರಿನ ಮೈದಾನ ಅಂತೂ ಉದ್ದ, ಅಗಲ ಕಡಿಮೆ. ಅಲ್ಲಿ ನಡೆದದ್ದು ಎಂಸಿಜಿಯಲ್ಲಿ ನಡೆಯುವುದಿಲ್ಲ. ಎಲ್ಲ ಮೈದಾನಗಳೂ ಒಂದೇ ಅಳತೆ ಇರಬೇಕು ಅನ್ನುವ ನಿಯಮವೇ ಈ ಆಟದಲ್ಲಿ ಇಲ್ಲ, ನನಗೆ ಇಷ್ಟವಾಗುವುದೂ ಅದೇ.

ಪ್ರಶ್ನೆ: ಗೆದ್ದ ಟೀಮನ್ನು ಬದಲಿಸಬಾರದು ಅಂತ ನನ್ನ ಮಾವ. ಸೋಲದಿದ್ದರೂ ಬದಲಿಸಬೇಕಾದರೆ ಬದಲಿಸಬೇಕು ಅಂತ ನಾನು. ಮಾವನ ಎದುರು ಜಾಸ್ತಿ ಮಾತಾಡಲಾರೆ. ಒಂದು ಉದಾಹರಣೆ ಕೊಡಿ, ಸಾಕು.
– ಕಾಲಿಂಗ್‌ವುಡ್ ಸೊಸೆ, ಕ್ಲೇಟನ್

ಉತ್ತರ: ನಿಮ್ಮ ಕ್ಲಬ್‌ನಲ್ಲೇ ಇದೆಯಲ್ಲ! 2010. ಕಾಲಿಂಗ್‌ವುಡ್ 68, ಸೇಂಟ್ ಕಿಲ್ಡಾ 68. ಗ್ರ್ಯಾಂಡ್ ಫೈನಲ್ ಡ್ರಾ. ಆಗ ಹೆಚ್ಚುವರಿ ಸಮಯ ಆಡಿಸುವ ನಿಯಮ ಇರಲಿಲ್ಲ, ಮುಂದಿನ ಶನಿವಾರ ಮತ್ತೆ ಬನ್ನಿ ಅಂದರು. ಆ ಒಂದು ವಾರ ಮೆಲ್ಬರ್ನ್‌ನಲ್ಲಿ ಯಾರು ಕೆಲಸ ಮಾಡಿದರೋ ನನಗೆ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಂತೂ ಯಾರೂ ಮಾಡಲಿಲ್ಲ.

ಸೋತಿರಲಿಲ್ಲ. ಹಾಗಿದ್ದೂ ಕಾಲಿಂಗ್‌ವುಡ್ ಒಬ್ಬನನ್ನು ತೆಗೆಯಿತು. ಅದೂ ಯಾರನ್ನು? ಲಿಯಾನ್ ಡೇವಿಸ್‌ನನ್ನು. ವರ್ಷಗಟ್ಟಲೆ ಆಡಿದವನು, ಅಭಿಮಾನಿಗಳಿಗೆ ಪ್ರಾಣ. ಅವನ ಬದಲು ಬಂದವನು ಟೈಸನ್ ಗೋಲ್ಡ್‌ಸ್ಯಾಕ್. ಎರಡನೇ ಶನಿವಾರ ಪಂದ್ಯದ ಮೊದಲ ಗೋಲ್ ಹೊಡೆದವನು ಯಾರು? ಅದೇ ಗೋಲ್ಡ್‌ಸ್ಯಾಕ್. ಕಾಲಿಂಗ್‌ವುಡ್ 56 ಪಾಯಿಂಟ್‌ಗಳಿಂದ ಗೆದ್ದಿತು.

ಮಾವನಿಗೆ ಇಷ್ಟನ್ನು ಹೇಳಿ, ಕಾಫಿ ಕೊಟ್ಟು ಸುಮ್ನೆ ಒಳಗೆ ಹೋಗಿಬಿಡಿ. ಡೇವಿಸ್‌ಗೆ ಏನನ್ನಿಸಿರಬೇಕು ಅಂತ ಅವರು ಕೇಳಿದರೆ ಮಾತ್ರ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನನ್ನ ಹತ್ತಿರವೂ ಇಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೂತು ಮೊಬೈಲ್‌ನಲ್ಲಿ ಈ ಆಟ ನೋಡುತ್ತೇನೆ. ಒಂದೂ ಪಂದ್ಯ ಆಡದ ಹುಡುಗನನ್ನು ನೇರ ಫೈನಲ್‌ಗೆ ಇಳಿಸುವ ಹುಚ್ಚು ಧೈರ್ಯ ಯಾವ ಕೋಚ್‌ಗಾದರೂ ಇದೆಯಾ?
– ಬೆಳಗ್ಗೆ ಒಂಬತ್ತರ ವೀಕ್ಷಕ, ಜಯನಗರ

ಉತ್ತರ: ಇತ್ತು.

1952ರಲ್ಲಿ ಕಾಲಿಂಗ್‌ವುಡ್‌ನ ಕೀತ್ ಬ್ಯಾಚೆಲರ್ ಹಾಗೆ ಇಳಿದ. ಆಮೇಲೆ 67 ವರ್ಷ ಯಾರೂ ಆ ಕೆಲಸಕ್ಕೆ ಕೈ ಹಾಕಲಿಲ್ಲ. 2019ರಲ್ಲಿ ರಿಚ್ಮಂಡ್‌ನ ಜ್ಯಾಕ್ ಗ್ರಹಾಮ್ ಭುಜಕ್ಕೆ ಪೆಟ್ಟು ಮಾಡಿಕೊಂಡ. ಒಂದು ಜಾಗ ಖಾಲಿ. ಗ್ರ್ಯಾಂಡ್ ಫೈನಲ್‌ಗೆ ಎಂಟು ದಿನ. ಅನುಭವ ಇರುವವರು ಕ್ಯೂ ನಿಂತಿದ್ದರು. ಕೋಚ್ ಡೇಮಿಯನ್ ಹಾರ್ಡ್‌ವಿಕ್ ಕೈ ತೋರಿಸಿದ್ದು ಮಾರ್ಲಿಯನ್ ಪಿಕೆಟ್ ಕಡೆಗೆ. ಅದೇ ವರ್ಷದ ನಡುವೆ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಬಂದವನು, ವಯಸ್ಸು 27, ದೊಡ್ಡ ಲೀಗ್‌ನಲ್ಲಿ ಒಂದು ಪಂದ್ಯವೂ ಆಡಿರಲಿಲ್ಲ.

ಹುಚ್ಚು ಧೈರ್ಯ ಅಂತ ನೀವು ಹೇಳಿದಿರಿ. ನನಗೆ ಹಾಗೆ ಕಾಣುವುದಿಲ್ಲ. ಹಿಂದಿನ ವಾರವಷ್ಟೇ ರಿಚ್ಮಂಡ್‌ನ ಎರಡನೇ ಟೀಮ್ ಕೆಳಗಿನ ಲೀಗ್ ಆದ ವಿಎಫ್‌ಎಲ್‌ನ ಗ್ರ್ಯಾಂಡ್ ಫೈನಲ್ ಗೆದ್ದಿತ್ತು, ಆ ಪಂದ್ಯದ ಶ್ರೇಷ್ಠ ಆಟಗಾರನ ಮೆಡಲ್ ಪಿಕೆಟ್‌ಗೆ ಬಂದಿತ್ತು. ಮೈ ಗಟ್ಟಿ, ಫಾರ್ಮ್ ಬಿಸಿ. ಎರಡನೇ ಟೀಮ್ ಮೊದಲ ಟೀಮ್ ಆಡುವ ರೀತಿಯಲ್ಲೇ ಆಡುತ್ತದೆ, ಹಾಗಾಗಿ ಪಾಠ ಹೊಸದಲ್ಲ, ತರಗತಿ ಮಾತ್ರ ಹೊಸದು. ಜೆರ್ಸಿ ನಂಬರ್ 50 ಹಾಕಿಕೊಂಡು ಲಕ್ಷ ಜನರ ಮುಂದೆ ಇಳಿದ. ಮೈದಾನದ ನಡುವೆ ಎದುರಾಳಿಯನ್ನು ಬೆನ್ನಿಗೆ ಹಾಕಿ ಬುಗುರಿ ಹಾಗೆ ಒಂದು ಸುತ್ತು ತಿರುಗಿ ಹೋದನಲ್ಲ, ಅದನ್ನು ಹುಡುಕಿ ನೋಡಿ, ಇವತ್ತೇ ನೋಡಿ. 22 ಸಲ ಚೆಂಡು, ಒಂದು ಗೋಲ್. ರಿಚ್ಮಂಡ್ 114, ಗ್ರೇಟರ್ ವೆಸ್ಟರ್ನ್ ಸಿಡ್ನಿ 25.

ಅಂದರೆ ಯಾರು ಎಷ್ಟು ಪಂದ್ಯ ಆಡಿದ್ದಾರೆ ಅಂತ ಎಣಿಸಿದ್ದರೆ ಪಿಕೆಟ್ ಕೊನೆಯಲ್ಲಿರುತ್ತಿದ್ದ. ಈ ವಾರ ಯಾರ ಮೈ, ಯಾರ ಕಾಲು ಚೆನ್ನಾಗಿದೆ ಅಂತ ನೋಡಿದರು, ಮುಂದೆ ಬಂದ.

ಪ್ರಶ್ನೆ: ನಮ್ಮ ಮಗನಿಗೆ ಹದಿಮೂರು. ನಮ್ಮ ಬಡಾವಣೆಯ ಕ್ಲಬ್‌ನಲ್ಲಿ ಈ ವರ್ಷ ಒಂದೂ ಪಂದ್ಯ ತಪ್ಪಿಸಲಿಲ್ಲ, ಒಂದೂ ಪ್ರಾಕ್ಟೀಸ್ ತಪ್ಪಿಸಲಿಲ್ಲ. ಫೈನಲ್ ವಾರ ಪಟ್ಟಿಯಲ್ಲಿ ಹೆಸರು ಇಲ್ಲ. ಕೋಚ್ ಮೊದಲೇ ಒಂದು ಮಾತೂ ಹೇಳಲಿಲ್ಲ, ಬೇರೆ ಹುಡುಗರ ಬಾಯಲ್ಲಿ ಗೊತ್ತಾಯಿತು. ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇವರು ಹೋಗಿ ಜಗಳ ಮಾಡುತ್ತೇನೆ ಅಂತಾರೆ. ನಾನು ಏನು ಮಾಡಲಿ?
– ಹೆಸರು ಬೇಡ, ವೆರಿಬಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಯಜಮಾನರನ್ನು ಎರಡು ದಿನ ತಡೆಯಿರಿ. ಆಮೇಲೆ ಹೋಗಲಿ, ಆದರೆ ಕೇಳಬೇಕಾದ್ದು ‘ಯಾಕೆ ತೆಗೆದಿರಿ’ ಅಂತ ಅಲ್ಲ. ‘ಯಾಕೆ ಮಗುವಿನ ಹತ್ತಿರ ನೀವೇ ಹೇಳಲಿಲ್ಲ’ ಅಂತ. ಮೊದಲನೆಯದು ಕೋಚ್ ಹಕ್ಕು, ಎರಡನೆಯದು ಅವರ ಕರ್ತವ್ಯ. ಹದಿಮೂರರ ಹುಡುಗನಿಗೆ ಬೇರೆಯವರ ಬಾಯಲ್ಲಿ ಗೊತ್ತಾಗುವುದು ತಪ್ಪು. ಇದನ್ನು ನಾನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ.

ಮಗನಿಗೆ ‘ಪರವಾಗಿಲ್ಲ ಬಿಡೋ, ಮುಂದಿನ ವರ್ಷ ಇದೆ’ ಅಂತ ಮಾತ್ರ ಹೇಳಬೇಡಿ. ಪರವಾಗಿದೆ. ಡೆರೆಕ್ ಕಿಕೆಟ್ ಅಂತ ಒಬ್ಬ ಎಸೆಂಡನ್‌ನಲ್ಲಿ ಇದ್ದ. 1993ರ ಸೀಸನ್‌ನಲ್ಲಿ ಒಂದು ಪಂದ್ಯವೂ ಬಿಡದೆ ಆಡಿದ, ನಿಮ್ಮ ಮಗನ ಹಾಗೇ. ಗ್ರ್ಯಾಂಡ್ ಫೈನಲ್‌ಗೆ ಕೋಚ್ ಕೆವಿನ್ ಶೀಡಿ ಅವನನ್ನು ಬಿಟ್ಟರು. ಎಸೆಂಡನ್ ಕಾರ್ಲ್ಟನ್ ವಿರುದ್ಧ 44 ಪಾಯಿಂಟ್‌ಗಳಿಂದ ಗೆದ್ದಿತು, ಅಂದರೆ ಕಾಗದದ ಮೇಲೆ ಶೀಡಿ ಲೆಕ್ಕ ಸರಿಯಾಯಿತು. ಕಿಕೆಟ್ ಆ ಕ್ಲಬ್ ಬಿಟ್ಟು ಸಿಡ್ನಿಗೆ ಹೋದ. 1996ರಲ್ಲಿ ಸಿಡ್ನಿ ಪರವಾಗಿ ಗ್ರ್ಯಾಂಡ್ ಫೈನಲ್ ಆಡಿದ, ಸೋತ. ಇಷ್ಟು ವರ್ಷ ಆದಮೇಲೂ ಗ್ರ್ಯಾಂಡ್ ಫೈನಲ್ ವಾರ ಬಂತು ಅಂದರೆ ಜನ ಅವನ ಹೆಸರು ಎತ್ತುತ್ತಾರೆ. ಗೆದ್ದ ಎಲ್ಲರ ಹೆಸರೂ ನನಗೆ ನೆನಪಿಲ್ಲ, ಬಿಟ್ಟುಹೋದವನ ಹೆಸರು ಇದೆ.

ಇನ್ನೊಂದು ಕಥೆ ಅವನಿಗೆ ಹೇಳಿ. ಬಾಬ್ ಮರ್ಫಿ, ವೆಸ್ಟರ್ನ್ ಬುಲ್‌ಡಾಗ್ಸ್ ಕ್ಯಾಪ್ಟನ್. 2016ರ ಮೂರನೇ ಸುತ್ತಿನಲ್ಲೇ ಮಂಡಿ ಹೋಯಿತು, ವರ್ಷ ಮುಗಿಯಿತು. ಅದೇ ವರ್ಷ ಟೀಮ್ ಗ್ರ್ಯಾಂಡ್ ಫೈನಲ್‌ಗೆ ಬಂದು ಸಿಡ್ನಿಯನ್ನು 22 ಪಾಯಿಂಟ್‌ಗಳಿಂದ ಸೋಲಿಸಿ, 1954ರ ನಂತರ ಮೊದಲ ಸಲ ಕಪ್ ಗೆದ್ದಿತು. ಮೆಡಲ್ ಸಿಗುವುದು ಆ ದಿನದ ಪಟ್ಟಿಯಲ್ಲಿ ಇದ್ದವರಿಗೆ. ಮರ್ಫಿ ಪಟ್ಟಿಯಲ್ಲಿಲ್ಲ. ವೇದಿಕೆಯ ಮೇಲೆ ಕೋಚ್ ಲ್ಯೂಕ್ ಬೆವರಿಜ್ ಮರ್ಫಿಯನ್ನು ಕರೆದು, ಗೆದ್ದ ಕೋಚ್‌ಗೆ ಕೊಡುವ ತನ್ನ ಮೆಡಲನ್ನು ಅವನ ಕೊರಳಿಗೆ ಹಾಕಿದ. ನಾನು ಎಂಸಿಜಿಯಲ್ಲಿ ಇರಲಿಲ್ಲ. ಫುಟ್‌ಸ್‌ಕ್ರೇಯ ಒಂದು ಹೋಟೆಲ್‌ನಲ್ಲಿ ನಿಂತು ಟಿವಿಯಲ್ಲಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಮುದುಕರು ನನ್ನ ಭುಜದ ಮೇಲೆ ತಲೆ ಇಟ್ಟು ಅತ್ತರು.

ಊಟಕ್ಕೆ ಬಲವಂತ ಮಾಡಬೇಡಿ. ಅವನಿಗೆ ಇಷ್ಟವಾದದ್ದು ಮಾಡಿ ಇಟ್ಟು, ಜೊತೆಗೆ ಕೂತುಕೊಳ್ಳಿ. ಫೈನಲ್ ನೋಡಲು ಹೋಗುತ್ತೀಯಾ ಅಂತ ಅವನನ್ನೇ ಕೇಳಿ. ಬೇಡ ಅಂದರೆ ಬೇಡ.

ಪ್ರಶ್ನೆ: ಆಫೀಸಿನ ಟಿಪ್ಪಿಂಗ್‌ನಲ್ಲಿ ಈ ವರ್ಷವೂ ಕೊನೆಯ ಸ್ಥಾನ. ಸೋಮವಾರವೇ ಯಾರು ಗೆಲ್ಲುತ್ತಾರೆ ಅಂತ ಹಾಕಿಬಿಡುತ್ತೇನೆ, ಮರೆತುಹೋಗಬಾರದು ಅಂತ. ಏನು ಮಾಡಲಿ?
– ಮರವಿನವಳು, ಬಾಕ್ಸ್ ಹಿಲ್

ಉತ್ತರ: ಸೋಮವಾರ ಹಾಕಿ, ಗುರುವಾರ ಪಟ್ಟಿ ನೋಡಿ ಬದಲಿಸಿ. ಸ್ಟಾರ್ ಮಿಡ್‌ಫೀಲ್ಡರ್ ಇಲ್ಲ ಅಂದರೆ ಗಾಬರಿ ಬೇಡ, ಆ ಜಾಗಕ್ಕೆ ಜನ ಇರುತ್ತಾರೆ. ಒಂದೇ ಒಳ್ಳೆಯ ರಕ್ ಇರುವ ಟೀಮ್‌ನಲ್ಲಿ ಅವನೇ ಇಲ್ಲ, ಅಥವಾ ಹಿಂದಿನ ಸಾಲಿನ ಇಬ್ಬರು ಎತ್ತರದವರು ಒಟ್ಟಿಗೆ ಇಲ್ಲ ಅಂದರೆ ಆಗ ಯೋಚಿಸಿ. ಭಾನುವಾರದ ಪಂದ್ಯಗಳಿಗೆ ಗುರುವಾರ ಬರುವುದು ಉದ್ದದ ಪಟ್ಟಿ, ಆಮೇಲೆ ಕತ್ತರಿಸುತ್ತಾರೆ, ಅದನ್ನು ನಂಬಿ ಕೂರಬೇಡಿ. ನಾನು ಈ ವರ್ಷ ನಮ್ಮ ಆಫೀಸಿನಲ್ಲಿ ಒಂಬತ್ತನೆಯವನು. ಇರುವುದು ಹನ್ನೊಂದು ಜನ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ನೀವು ‘ಆಯ್ಕೆ ಮಾಡುವವರು ವಾರ ಪೂರ್ತಿ ಪ್ರಾಕ್ಟೀಸ್ ನೋಡುತ್ತಾರೆ, ನಾವು ನೋಡುವುದು ಶನಿವಾರ ಎರಡೂವರೆ ಗಂಟೆ, ಸುಮ್ನೆ ಇರೋಣ’ ಅಂತ ಬರೆದಿರಿ. ಪ್ರತಿ ವರ್ಷ ಮೆಂಬರ್‌ಶಿಪ್‌ಗೆ ದುಡ್ಡು ಕಟ್ಟುವ ನಾವು ಯಾರು ಹಾಗಾದರೆ? ಮೊದಲು ನಿಮ್ಮ ಟೀಮ್ ಯಾವುದು ಅಂತ ಹೇಳಿ, ಆಮೇಲೆ ಬುದ್ಧಿ ಹೇಳಿ.
– ಸಿಟ್ಟಾದ ಮೆಂಬರ್, ಸಿಡ್ನಿ

ಉತ್ತರ: ಸುಮ್ನೆ ಇರೋಣ ಅಂದದ್ದು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಕೂಗಾಡುವುದಕ್ಕೇ ಅಲ್ವಾ ಮೆಂಬರ್‌ಶಿಪ್. ಅವರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ ಅನ್ನುವ ಮಾತನ್ನು ಮಾತ್ರ ಬಿಡುವುದಿಲ್ಲ. ನಿಮ್ಮ ಊರಿನ ಟೀಮ್ ಬಗ್ಗೆ ಮೇಲೆ ಎರಡು ಸಲ ಬರೆದುಬಿಟ್ಟಿದ್ದೇನೆ, ಅದಕ್ಕೂ ಮುಂಚಿತವಾಗಿ ಕ್ಷಮೆ ಇರಲಿ.

ನನ್ನ ಟೀಮ್ ಬುಲ್‌ಡಾಗ್ಸ್. ಮೆಲ್ಬರ್ನ್‌ಗೆ ಬಂದ ಮೊದಲ ಬಾಡಿಗೆ ಮನೆ ಆ ಕ್ಲಬ್ ಇರುವ ಫುಟ್‌ಸ್‌ಕ್ರೇಯಲ್ಲಿ ಇತ್ತು, ಅಷ್ಟೇ ಕಾರಣ. ಬುದ್ಧಿ ಹೇಳುವ ಯೋಗ್ಯತೆ ಎಷ್ಟು ಅಂತ ಕೇಳಿದಿರಲ್ಲ, ಅದನ್ನೂ ಹೇಳುತ್ತೇನೆ. 2014ರ ಕೊನೆಗೆ ನಮ್ಮವರು ಟಾಮ್ ಬಾಯ್ಡ್ ಅನ್ನುವ 19ರ ಹುಡುಗನನ್ನು ತಂದರು. ಏಳು ವರ್ಷದ ಒಪ್ಪಂದ, ಸುಮಾರು 70 ಲಕ್ಷ ಡಾಲರ್ ಅಂತ ಸುದ್ದಿ. ಎತ್ತರದವನು. 2016ರಲ್ಲಿ ನಾನು ಎಷ್ಟು ಗುರುವಾರ ‘ಇವನನ್ನು ಯಾಕೆ ಹಾಕಿದರು, ಕೂರಿಸಿ ಇವನನ್ನು’ ಅಂತ ಕೂಗಿದ್ದೇನೋ ಲೆಕ್ಕ ಇಲ್ಲ. ಗ್ರ್ಯಾಂಡ್ ಫೈನಲ್ ವಾರವೂ ಕೂಗಿದೆ. ಶನಿವಾರ ಅವನು ಮೂರು ಗೋಲ್ ಹೊಡೆದ. ಕೊನೆಯ ಕ್ವಾರ್ಟರ್‌ನಲ್ಲಿ ಬಹಳ ದೂರದಿಂದ ಒದ್ದದ್ದು ಗೋಲಿನ ಮುಂದೆ ನೆಲಕ್ಕೆ ಬಿದ್ದು, ಪುಟಿದು, ಕಂಬಗಳ ನಡುವೆ ಹೋಯಿತು. ಪಂದ್ಯ ಅಲ್ಲಿಗೆ ನಮ್ಮದು.

ಆವತ್ತಿನಿಂದ ಗುರುವಾರ ಸಂಜೆ ನಾನು ಪಟ್ಟಿ ನೋಡಿ ಬಾಯಿ ತೆರೆಯುತ್ತಿದ್ದ ಹಾಗೇ ಹೆಂಡತಿ ಅಡುಗೆಮನೆಯಿಂದಲೇ ‘ಬಾಯ್ಡ್’ ಅನ್ನುತ್ತಾಳೆ.